ಬೂತಣ್ಣನ ಪಂಚಾಂಗ

ಬಸವನಗುಡಿಯಲ್ಲಿ ರಿಟೈರಾದ ಗಂಡಸರಿಗೆ ಮೂರೇ ಕಸುಬು. ಬೆಳಗ್ಗೆ ವಾಕಿಂಗು, ಅದು ಮುಗಿದ ಮೇಲೆ ಕಾಫಿ, ಕಾಫಿ ಇಳಿದ ಮೇಲೆ ಷೇರು. ನಮ್ಮ ಬೀದಿಯ ರಾಯರು ಮೂರನೆಯದರಲ್ಲಿ ಪಳಗಿದ ಕೈ. ತಿಥಿ ನಕ್ಷತ್ರ ನೋಡಲು ಅವರ ಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇದೆ. ಯಾವ ಷೇರು ಮಾರಬೇಕು ಎಂದು ತಿಳಿಯಲು ಇನ್ನೊಂದು ಪಂಚಾಂಗ ಇದೆ. ಅದು ಡಿ.ವಿ.ಜಿ. ರಸ್ತೆಯ ಪಕ್ಕದ ಒಂದು ಅಡ್ಡರಸ್ತೆಯಲ್ಲಿ, ನಾಲ್ಕಡಿ ಅಗಲದ ಝೆರಾಕ್ಸ್ ಅಂಗಡಿಯೊಳಗೆ, ಗೋಡೆಗೆ ಒರಗಿಸಿಟ್ಟ ಎರಡು ಊರುಗೋಲುಗಳ ಪಕ್ಕ ಕೂತಿರುತ್ತದೆ. ನಾವು ಅದನ್ನು ಬೂತಣ್ಣ ಎಂದು ಕರೆಯುತ್ತೇವೆ.

ರಾಯರು ವರ್ಷಕ್ಕೊಂದು ಸಲ ಬಂದು ಕೇಳುವ ಪ್ರಶ್ನೆ ಒಂದೇ. "ಈ ಸಲ ನಿಮ್ಮವರಿಗೆ ಯಾವ ಟ್ರೈನಿಂಗು ಕೊಡ್ತಾರಂತಪ್ಪಾ?" ಬೂತಣ್ಣ ಹೇಳುತ್ತಾನೆ. ರಾಯರು ಮನೆಗೆ ಹೋಗಿ ಆ ಕಡೆಯ ಷೇರನ್ನೆಲ್ಲ ಮಾರಿಬಿಡುತ್ತಾರೆ. ಇದುವರೆಗೆ ಕೈ ಸುಟ್ಟುಕೊಂಡಿಲ್ಲವಂತೆ.

ಸಿದ್ಧಾಂತ ಬೂತಣ್ಣನದು. ಮನುಷ್ಯನಿಗೆ ಕೊನೆಗಾಲ ಬಂದಾಗ ಮನೆಯವರು ಬಾಯಿಗೆ ಗಂಗಾಜಲ ಬಿಡುತ್ತಾರೆ. ಕಸುಬಿಗೆ ಕೊನೆಗಾಲ ಬಂದಾಗ ಸರಕಾರ ಅದನ್ನು ಅಂಗವಿಕಲರಿಗೆ ಬಿಡುತ್ತದೆ.

ಮೊದಲ ಸಾಕ್ಷಿ ಬೆತ್ತದ ಕುರ್ಚಿ. ಒಂದು ಕಾಲಕ್ಕೆ ಸರಕಾರಿ ಕಚೇರಿ ಎಂದರೆ ಬೆತ್ತ ಹೆಣೆದ ಕುರ್ಚಿಯೇ. ಗುಮಾಸ್ತರು ಕೂತು ಕೂತು ಅದು ತೊಟ್ಟಿಲಿನ ಹಾಗೆ ಜೋತುಬೀಳುತ್ತಿತ್ತು, ಕೊನೆಗೊಂದು ದಿನ ಹೆಡ್‌ಕ್ಲಾರ್ಕು ಅದರೊಳಗೆ ಇಳಿದುಹೋಗುತ್ತಿದ್ದರು. ಅದನ್ನು ಮತ್ತೆ ಹೆಣೆಯಲು ಕಣ್ಣು ಬೇಕಿಲ್ಲ, ಬೆರಳು ಸಾಕು. ಹಾಗಾಗಿ ಅಂಧರ ಶಾಲೆಗಳಲ್ಲಿ ಬ್ರೈಲಿನ ಜೊತೆಗೆ ಬೆತ್ತವನ್ನೂ ಕಲಿಸಿದರು. ಸೀಳಿದ ಬೆತ್ತವನ್ನು ನೀರಲ್ಲಿ ನೆನೆಹಾಕಬೇಕು. ಮೆತ್ತಗಾದ ಮೇಲೆ ಚೌಕಟ್ಟಿನ ತೂತುಗಳಲ್ಲಿ ಅಡ್ಡ, ಉದ್ದ, ಓರೆಯಾಗಿ ಎಳೆದು ಬಿಗಿಯಬೇಕು. ಒಣಗಿದಾಗ ಅದು ತಬಲದ ಚರ್ಮದಂತೆ ಬಿಗಿಯುತ್ತದೆ. ಕಣ್ಣಿಲ್ಲದವರು ಹೆಣೆದ ಸಾವಿರ ಕಣ್ಣಿನ ಕುರ್ಚಿ. ಅದರಲ್ಲಿ ಕೂತು ಸಾಹೇಬರು, ಕಣ್ಣಿಲ್ಲದವರಿಗೆ ಕಚೇರಿಯಲ್ಲಿ ಯಾವ ಕೆಲಸ ಕೊಡಬಹುದು ಎಂದು ಟಿಪ್ಪಣಿ ಬರೆಯುತ್ತಿದ್ದರು. ಅಷ್ಟರಲ್ಲಿ ಪ್ಲಾಸ್ಟಿಕ್ ಕುರ್ಚಿ ಬಂತು. ಸಾಹೇಬರಿಗೆ ತಿರುಗುವ ಕುರ್ಚಿ ಬಂತು. ಟಿಪ್ಪಣಿ ಇನ್ನೂ ಬರುತ್ತಲೇ ಇದೆ.

ಎರಡನೆಯದು ಟೆಲಿಫೋನ್ ಬೋರ್ಡು. ನಾನು ಕೆಲಸ ಮಾಡಿದ ಬ್ಯಾಂಕಿನಲ್ಲಿ ಒಬ್ಬ ಅಂಧ ಆಪರೇಟರ್ ಇದ್ದರು. ನಾವು "ಹಲೋ" ಅನ್ನುವಷ್ಟರಲ್ಲಿ, "ಏನ್ಸಾರ್, ನೆಗಡಿನಾ?" ಅನ್ನುತ್ತಿದ್ದರು. ನೂರಾರು ಎಕ್ಸ್‌ಟೆನ್ಷನ್ ನಂಬರು ನಾಲಿಗೆ ತುದಿಯಲ್ಲಿ. ಯಾವ ಮ್ಯಾನೇಜರು ಯಾರ ಫೋನಿಗೆ "ಸೀಟಲ್ಲಿಲ್ಲ" ಅನ್ನಿಸುತ್ತಾರೆ ಎಂಬುದೂ ಬಾಯಿಪಾಠ. ಈಗ ಅಲ್ಲಿ ಒಂದು ಹೆಣ್ಣುದನಿ ಕೂತಿದೆ, ಕನ್ನಡಕ್ಕಾಗಿ ಒಂದನ್ನು ಒತ್ತಿ ಅನ್ನುತ್ತದೆ. ಒತ್ತಿದರೆ ಇಂಗ್ಲಿಷು ಬರುತ್ತದೆ.

ಮೂರನೆಯದು ನಮ್ಮ ಅಣ್ಣನಿಗೆ ಹೆಸರು ಕೊಟ್ಟ ಬೂತು. ತೊಂಬತ್ತರ ದಶಕದಲ್ಲಿ ಎಸ್‌ಟಿಡಿ, ಐಎಸ್‌ಡಿ, ಪಿಸಿಓ ಎಂದು ಹಳದಿ ಬೋರ್ಡಿನ ಮೇಲೆ ಬರೆದ ಗಾಜಿನ ಗೂಡುಗಳು ಮೂಲೆಮೂಲೆಗೆ ಎದ್ದವಲ್ಲ, ಅವನ್ನು ಹಂಚುವಾಗ ಅಂಗವಿಕಲರಿಗೆ ಆದ್ಯತೆ ಇತ್ತು. ನಿಜ ಹೇಳಬೇಕೆಂದರೆ ಒಳ್ಳೆಯ ಯೋಜನೆ. ಕೂತಲ್ಲೇ ಕೆಲಸ, ಕೈಗೆ ಕಾಸು, ಬೀದಿಗೊಂದು ಗುರುತು. ರಾತ್ರಿ ಹನ್ನೊಂದು ದಾಟಿದರೆ ಕಾಲುದರ. ಆಗ ಸ್ವೆಟರು ಮಫ್ಲರು ಸುತ್ತಿಕೊಂಡು ಅರ್ಧ ಬಸವನಗುಡಿ ಬೂತಿನ ಮುಂದೆ ಸಾಲುಗಟ್ಟುತ್ತಿತ್ತು. ಒಳಗೆ ಕೆಂಪು ಅಂಕಿಗಳು ಓಡುತ್ತಿದ್ದವು. ನ್ಯೂಜೆರ್ಸಿಗೆ ಫೋನು ಮಾಡಿದ ತಾಯಂದಿರು ಮಗನ ಮುಖ ನೋಡಲಾಗದೆ ಆ ಅಂಕಿಗಳನ್ನೇ ನೋಡುತ್ತ "ಊಟ ಆಯ್ತೇನೋ" ಎಂದು ಕೂಗಿ ಕೇಳಿ, ಉತ್ತರ ಬರುವ ಮುಂಚೆ ಇಟ್ಟುಬಿಡುತ್ತಿದ್ದರು. ಕಿರ್ರೆಂದು ಚೀಟಿ ಬರುತ್ತಿತ್ತು. ಬೂತಣ್ಣ ಅದನ್ನು ಹರಿದು ಕೊಡುತ್ತಿದ್ದ. ಯಾವ ಮನೆಯ ಸೊಸೆ ಯಾವ ಊರಿಗೆ ಫೋನು ಮಾಡಿ ಅತ್ತಳು ಎಂದು ಅವನಿಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಬ್ಯಾಂಕ್ ಮ್ಯಾನೇಜರಿಗೆ ಇರಬೇಕಾದ ಗುಣ.

2003ರಲ್ಲಿ ಮೊಬೈಲಿಗೆ ಒಳಬರುವ ಕರೆ ಪುಕ್ಕಟೆಯಾಯಿತು. ಕಾಲುದರದ ಸಾಲು ಕರಗಿತು. ಬೂತಣ್ಣ ನಾಣ್ಯದ ಫೋನು ಇಟ್ಟ, ಲ್ಯಾಮಿನೇಷನ್ ಹಾಕಿದ, ಮೊಬೈಲಿಗೆ ಕರೆನ್ಸಿ ಹಾಕಿದ. ಕರೆನ್ಸಿಯನ್ನು ಜನ ತಾವೇ ಹಾಕಿಕೊಳ್ಳುವುದನ್ನು ಕಲಿತ ಮೇಲೆ ಈಗ ಝೆರಾಕ್ಸು, ಜೊತೆಗೊಂದು ಬೋರ್ಡು: "ಆನ್‌ಲೈನ್ ಅರ್ಜಿ ತುಂಬಿಕೊಡಲಾಗುವುದು". ಯಾವ ಯೋಜನೆಯೂ ಅವನನ್ನು ಸಾಕಲಿಲ್ಲ. ಒಂದೊಂದು ಯೋಜನೆ ತೀರಿಕೊಂಡಾಗಲೂ ಅದರ ವೈಕುಂಠ ಸಮಾರಾಧನೆ ಮುಗಿಸಿ ಅವನೇ ಮುಂದಿನದಕ್ಕೆ ಹೋದ.

ನಡುವೆ ಮೇಣದಬತ್ತಿ, ಊದಿನಕಡ್ಡಿ, ಸೀಮೆಸುಣ್ಣ, ಕಾಗದದ ಕವರು ಎಲ್ಲ ಬಂದು ಹೋದವು. ಕಾಗದದ ಕವರನ್ನು ಪ್ಲಾಸ್ಟಿಕ್ ಕೊಂದಿತು. 2016ರಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಚೀಲವನ್ನು ನಿಷೇಧಿಸುವ ಹೊತ್ತಿಗೆ ಕವರು ಅಂಟಿಸುತ್ತಿದ್ದವರನ್ನು ಡೇಟಾ ಎಂಟ್ರಿ ಕಲಿಯಲು ಕಳಿಸಿ ಆಗಿತ್ತು.

ಈ ಪಂಚಾಂಗ ತಪ್ಪಿದ್ದು ನನಗೆ ಗೊತ್ತಿದ್ದಂತೆ ಒಂದೇ ಕಡೆ, ಗದಗಿನಲ್ಲಿ. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಹುಡುಗರನ್ನು ಕೂಡಿಸಿಕೊಂಡು ಹಾರ್ಮೋನಿಯಂ, ತಬಲ, ಹಾಡು ಕಲಿಸಿದರು. ಅವರ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೇ ನಡೆಸಿದರು. ಅವರ ನಂತರ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಮಾಡಿದರು. ಅಲ್ಲಿ ಕಲಿತವರು ಸಂಗೀತದ ಮೇಷ್ಟರಾದರು, ಕೀರ್ತನಕಾರರಾದರು, ಸಂಸಾರ ಸಾಕಿದರು. ಆ ಕಸುಬು ಇನ್ನೂ ಸತ್ತಿಲ್ಲ. ಕಾರಣ ಕೇಳಿದರೆ ಬೂತಣ್ಣ, "ಅದನ್ನ ಸರಕಾರ ಕೊಟ್ಟಿರಲಿಲ್ಲ ಸಾರ್" ಅನ್ನುತ್ತಾನೆ.

ನನ್ನ ಪರಿಚಯ ಹೇಳದೆಯೇ ಇಷ್ಟು ದೂರ ಬಂದೆ. ನನ್ನದು ಅರವತ್ತು. ವಯಸ್ಸಲ್ಲ, ಪರ್ಸೆಂಟು. ಬಲಗಾಲು ಪೋಲಿಯೋ ಪಾಲು, ಅದಕ್ಕೊಂದು ಕ್ಯಾಲಿಪರು. 2011ರ ಜನವರಿಯ ನಂತರ ದೇಶದಲ್ಲಿ ಆ ಪೋಲಿಯೋ ಕಾಣಿಸಿಕೊಂಡಿಲ್ಲ, 2014ರಲ್ಲಿ ಸರ್ಟಿಫಿಕೇಟೂ ಸಿಕ್ಕಿತು. ಹಾಗಾಗಿ ನಮ್ಮ ಮಾಡೆಲ್ಲು ನಿಂತುಹೋಗಿದೆ, ಸ್ಪೇರ್ ಪಾರ್ಟ್ ಮಾತ್ರ ಸಿಗುತ್ತದೆ. ನಮ್ಮವರು ಇಬ್ಬರು ಸೇರಿದರೆ ಗೋತ್ರ ಸೂತ್ರ ವಿಚಾರಿಸುವುದಿಲ್ಲ. "ನಿಮ್ಮದು ಎಷ್ಟು ಪರ್ಸೆಂಟು?" ಎನ್ನುತ್ತೇವೆ. 40 ಇದ್ದರೆ ಕಾಯ್ದೆ ಕಣ್ಣೆತ್ತಿ ನೋಡುತ್ತದೆ. 39 ಆದರೆ ನೀವು ಗಟ್ಟಿಮುಟ್ಟು, ಓಡಿಹೋಗಿ ಬಸ್ಸು ಹಿಡಿಯಬಹುದು. ಕರ್ನಾಟಕದಲ್ಲಿ ಈ 40ಕ್ಕೆ ಇನ್ನೊಂದು ಖ್ಯಾತಿಯೂ ಇದೆ. ಕಾಮಗಾರಿಗಳಲ್ಲಿ ಅಷ್ಟು ಕಮಿಷನ್ ಕೇಳುತ್ತಾರೆಂದು 2021ರಲ್ಲಿ ಗುತ್ತಿಗೆದಾರರ ಸಂಘ ಪ್ರಧಾನಿಗೆ ಕಾಗದ ಬರೆದು ಆರೋಪಿಸಿತು, 2023ರ ಚುನಾವಣೆ ಪೂರ್ತಿ ಅದೇ ಅಂಕಿಯ ಮೇಲೆ ನಡೆಯಿತು. 40 ಪರ್ಸೆಂಟ್ ಹೋದರೆ ಮನುಷ್ಯನೂ ಕುಂಟುತ್ತಾನೆ, ರಸ್ತೆಯೂ ಕುಂಟುತ್ತದೆ. ವ್ಯತ್ಯಾಸ ಇಷ್ಟೇ, ರಸ್ತೆ ಮೆಡಿಕಲ್ ಬೋರ್ಡಿನ ಮುಂದೆ ಕ್ಯೂ ನಿಲ್ಲಬೇಕಿಲ್ಲ.

ಪರ್ಸೆಂಟಿನ ಲೆಕ್ಕ ನಮ್ಮ ಸರಕಾರಗಳಿಗೆ ಎಂದೂ ಸುಲಭದ್ದಲ್ಲ. ಕೇಂದ್ರ ಸರಕಾರ 1977ರಲ್ಲಿ ಕೆಳಗಿನ ಎರಡು ವರ್ಗದ ಹುದ್ದೆಗಳಲ್ಲಿ 3 ಪರ್ಸೆಂಟ್ ಎಂದಿತು. ನಾನು ಬ್ಯಾಂಕು ಸೇರಿದ್ದು ಆ ಬಾಗಿಲಿನಿಂದಲೇ. ಸಂದರ್ಶನದಲ್ಲಿ ಕೇಳಿದ ಏಕೈಕ ಪ್ರಶ್ನೆ, "ಲಾಕರ್ ರೂಮಿನ ಮೆಟ್ಟಿಲು ಇಳೀತೀರಾ?" ಇಳಿಯುತ್ತೇನೆ, ಹತ್ತುವುದು ದೇವರಿಗೆ ಬಿಟ್ಟದ್ದು ಎಂದೆ. ನಕ್ಕರು, ಕೆಲಸ ಕೊಟ್ಟರು. 1995ರಲ್ಲಿ ಕಾಯ್ದೆಯೇ ಬಂತು, 3 ಪರ್ಸೆಂಟ್ ಎಲ್ಲ ವರ್ಗಕ್ಕೂ ಎಂದಿತು. ಯಾವುದರ 3 ಪರ್ಸೆಂಟ್ ಎಂಬುದು ಮಾತ್ರ ತಿಳಿಯದೆ ಹೋಯಿತು. ಇವರಿಗೆ ಆಗುತ್ತದೆ ಎಂದು ನಾವು ಗುರುತಿಸಿದ ಹುದ್ದೆಗಳಲ್ಲಿ ಅಂತ ಸರಕಾರ, ಒಟ್ಟು ಖಾಲಿ ಹುದ್ದೆಗಳಲ್ಲಿ ಅಂತ ಅಂಧರ ಒಕ್ಕೂಟ. ಕೊನೆಗೆ 2013ರ ಅಕ್ಟೋಬರ್ 8ರಂದು ಸುಪ್ರೀಂ ಕೋರ್ಟು ಕೂತು, ಒಟ್ಟು ಖಾಲಿ ಹುದ್ದೆಗಳಲ್ಲಿ ಕಣ್ರಪ್ಪಾ ಎಂದು ಲೆಕ್ಕ ಬಿಡಿಸಿಕೊಟ್ಟಿತು. ನೂರಕ್ಕೆ ಮೂರು ಎಂದರೆ ಮೂರು ಎಂದು ತಿಳಿಯಲು ಹದಿನೆಂಟು ವರ್ಷ. ಸೊನ್ನೆಯನ್ನು ಕಂಡುಹಿಡಿದ ದೇಶ ನಮ್ಮದು, ಅಲ್ಲಿಂದ ಮೂರಕ್ಕೆ ಬರಲು ಸ್ವಲ್ಪ ತಡವಾಗುತ್ತದೆ.

2016ರ ಕಾಯ್ದೆ ಇನ್ನೂ ಉದಾರ. ಏಳಿದ್ದ ವೈಕಲ್ಯ 21 ಆಯಿತು, 3 ಇದ್ದದ್ದು 4 ಆಯಿತು. ಏಳನ್ನು ಮೂರು ಪಟ್ಟು ಮಾಡಿದರು, ಮೂರಕ್ಕೆ ಒಂದು ಕೂಡಿಸಿದರು. ಬೀಗರ ಕಡೆಯಿಂದ ಇಪ್ಪತ್ತೊಂದು ಜನ ಬಂದರೆ ನಾಲ್ಕು ಎಲೆ ಹಾಕಿದಂತೆ. ನಮ್ಮ ರಾಜ್ಯ ಸಿ ಮತ್ತು ಡಿ ವರ್ಗಕ್ಕೆ 5 ಪರ್ಸೆಂಟ್ ಇಟ್ಟಿದೆ, ಎ ಮತ್ತು ಬಿ ವರ್ಗಕ್ಕೆ 4. ಕುರ್ಚಿ ತಗ್ಗಾದಷ್ಟೂ ಪರ್ಸೆಂಟು ಎತ್ತರ. 2011ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ ನಾವು 13.24 ಲಕ್ಷ ಜನ. ವೈಕಲ್ಯ 21 ಆದ ಮೇಲೆ ಒಂದು ಜನಗಣತಿಯೂ ಮುಗಿದಿಲ್ಲ, ಹೊಸ ನೆಂಟರ ತಲೆ ಎಣಿಸಿದವರಿಲ್ಲ.

ಖಾಸಗಿಯವರ ವಿಷಯಕ್ಕೆ ಬಂದರೆ ಕಾಯ್ದೆಯ 35ನೇ ಕಲಮು ಓದಬೇಕು, ಹೋಟೆಲಿನ ಬೋರ್ಡು ಓದಿದಂತೆ ಇದೆ. ಸರಕಾರವು ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ಪ್ರೋತ್ಸಾಹ ಕೊಟ್ಟು, ಖಾಸಗಿ ಸಂಸ್ಥೆಗಳ ಸಿಬ್ಬಂದಿಯಲ್ಲಿ ಕನಿಷ್ಠ 5 ಪರ್ಸೆಂಟ್ ಇವರಿರುವಂತೆ ನೋಡಿಕೊಳ್ಳತಕ್ಕದ್ದು. ಬಾದಾಮಿ ಹಲ್ವ, ಭಾನುವಾರ, ಮಾಡಿದ್ದರೆ. ಇಂಥ ಪ್ರೋತ್ಸಾಹವನ್ನು ಈ ಕಾಯ್ದೆಗೂ ಮುಂಚೆ ಒಮ್ಮೆ ಜೋರಾಗಿಯೇ ಬಡಿಸಿದ್ದರು. 2007ರ ಬಜೆಟ್ಟಿನಲ್ಲಿ ಚಿದಂಬರಂ ಅವರು ವರ್ಷಕ್ಕೆ ಒಂದು ಲಕ್ಷ ಕೆಲಸ, ಐದು ವರ್ಷಕ್ಕೆ 1,800 ಕೋಟಿ ರೂಪಾಯಿ ಎಂದರು. ತಿಂಗಳಿಗೆ 25,000 ರೂಪಾಯಿವರೆಗೆ ಸಂಬಳದ ಅಂಗವಿಕಲ ನೌಕರನ ಪಿಎಫ್, ಇಎಸ್‌ಐನಲ್ಲಿ ಮಾಲೀಕನ ಪಾಲನ್ನು ಮೂರು ವರ್ಷ ಸರಕಾರವೇ ಕಟ್ಟುವುದು ಯೋಜನೆ. ನನಗೆ ಗೊತ್ತಿರುವ ಒಬ್ಬ ಸಣ್ಣ ಕಾರ್ಖಾನೆ ಮಾಲೀಕರ ಹತ್ತಿರ ಆಸೆಯಿಂದ ಹೇಳಿದೆ. ಅವರು ಫಾರಂ ತಿರುವಿಹಾಕಿ, "ಸ್ವಾಮಿ, ಇದನ್ನ ತುಂಬೋದಕ್ಕೆ ಒಬ್ಬನ್ನ ಕೆಲಸಕ್ಕೆ ಇಟ್ಕೋಬೇಕು. ಅವನಿಗೆ ಕೈಕಾಲು ಕಣ್ಣು ಎಲ್ಲ ಸರಿಯಾಗಿರಬೇಕು" ಅಂದರು.

ಹಾಗಂತ ಮಾಡಿದವರು ಇಲ್ಲವೆಂದಲ್ಲ. ಹೊಸೂರಿನ ಟೈಟಾನ್ ಕಾರ್ಖಾನೆ ಮೊದಲಿನಿಂದಲೂ ನಮ್ಮಂಥವರನ್ನು ಕೆಲಸಕ್ಕೆ ತೆಗೆದುಕೊಂಡಿದೆ, ಗಡಿಯಾರಗಳೇನೂ ಕುಂಟಿಲ್ಲ. ಇದೇ ಬೆಂಗಳೂರಿನಲ್ಲಿ 1997ರಲ್ಲಿ ಹುಟ್ಟಿದ ಸಮರ್ಥನಂ, 1999ರ ಎನೇಬಲ್ ಇಂಡಿಯಾ ಹುಡುಗ ಹುಡುಗಿಯರಿಗೆ ಕಲಿಸಿ ಕಂಪನಿಗಳಿಗೆ ಕಳಿಸುತ್ತಲೇ ಇವೆ. ವಿಂಧ್ಯ ಎಂಬ ಬಿಪಿಓದಲ್ಲಿ ಹೆಚ್ಚಿನವರು ಅಂಗವಿಕಲರೇ. ಇವರಿಗೆಲ್ಲ ಸಿಗುವ ಜನ ಸರಕಾರಿ ನೇಮಕಾತಿಗೆ ಮಾತ್ರ ಸಿಗುವುದಿಲ್ಲ. "ಅರ್ಹ ಅಭ್ಯರ್ಥಿಗಳು ದೊರೆಯದ ಕಾರಣ" ಎಂಬ ಸಾಲು ಕಡತಗಳಲ್ಲಿ ಅಚ್ಚು ಹೊಡೆದಂತೆ ಬರುತ್ತದೆ. ದೊರೆಯದಿದ್ದರೆ ಹುದ್ದೆ ಮುಂದಿನ ವರ್ಷಕ್ಕೆ ಬ್ಯಾಕ್‌ಲಾಗ್. ಆಗಲೂ ದೊರೆಯದಿದ್ದರೆ ಬೇರೆ ವೈಕಲ್ಯದವರಿಗೆ, ಅವರೂ ದೊರೆಯದಿದ್ದರೆ ಯಾರಿಗೆ ಬೇಕಾದರೂ. ಇದು ಕಾಯ್ದೆಯಲ್ಲೇ ಇರುವ ದಾರಿ. ಕಣ್ಣಾಮುಚ್ಚಾಲೆಯಲ್ಲಿ ಹುಡುಕುವವನು ಎರಡು ವರ್ಷ ಕಣ್ಣು ಮುಚ್ಚಿಕೊಂಡೇ ನಿಂತರೆ ಆಟ ಅವನದೇ.

ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದ ಕೃತಿ ಬೇರೆಯದು. ಕೇಂದ್ರ ಸರಕಾರ 2021ರ ಜನವರಿ 4ರಂದು ಪ್ರಕಟಿಸಿದ ಹುದ್ದೆಗಳ ಪಟ್ಟಿ. ಒಟ್ಟು 3,566 ಹುದ್ದೆ, 1,046 ಎ ವರ್ಗ, 515 ಬಿ, 1,724 ಸಿ, 281 ಡಿ. ಒಂದೊಂದು ಹುದ್ದೆಯ ಮುಂದೆಯೂ ಅದಕ್ಕೆ ದೇಹದಿಂದ ಏನೇನು ಆಗಬೇಕೆಂದು ಇಂಗ್ಲಿಷ್ ಅಕ್ಷರಗಳಲ್ಲಿ ಸಂಕೇತ ಕೊಟ್ಟಿದ್ದಾರೆ. ಕೂರುವುದು, ನಿಲ್ಲುವುದು, ನಡೆಯುವುದು, ಬಾಗುವುದು, ಎತ್ತುವುದು, ಮಂಡಿಯೂರುವುದು, ನೆಗೆಯುವುದು, ತೆವಳುವುದು, ಹತ್ತುವುದು, ಎಳೆಯುವುದು ಮತ್ತು ತಳ್ಳುವುದು, ಬೆರಳಾಡಿಸುವುದು, ಓದುಬರಹ, ನೋಡುವುದು, ಕೇಳುವುದು, ಮಾತಾಡುವುದು. ಸರಕಾರಿ ನೌಕರಿಯ ಬಗ್ಗೆ ಇಷ್ಟು ನಿಷ್ಠುರವಾದ ಸಾಹಿತ್ಯ ಕನ್ನಡದಲ್ಲಂತೂ ಬಂದಿಲ್ಲ, ಚಾಮರಾಜಪೇಟೆಯ ಪರಿಷತ್ತು ಬೇಕಾದರೆ ಗಮನಿಸಬಹುದು.

ನನಗಿರುವುದು ಸಣ್ಣಪುಟ್ಟ ತಕರಾರು. ಬಾಗುವುದು ಎಂದಷ್ಟೇ ಬರೆದಿದ್ದಾರೆ, ಎಷ್ಟು ಡಿಗ್ರಿ ಎಂದಿಲ್ಲ. ಬಡ್ತಿಗೆ ಬೇಕಾದ ಬಾಗು ಬೇರೆ, ವರ್ಗಾವಣೆಗೆ ಬೇಕಾದ ಬಾಗು ಬೇರೆ. ತೆವಳುವುದು ಕಡತದ ಕೆಲಸ, ಅದನ್ನು ನೌಕರನ ಲೆಕ್ಕಕ್ಕೆ ಹಾಕಿದ್ದು ಅನ್ಯಾಯ. ನೆಗೆಯುವುದಕ್ಕೆ ವಿಧಾನಸೌಧದಲ್ಲಿ ಬೇರೆಯದೇ ಕೇಡರ್ ಇದೆ. ತಳ್ಳುವುದು ಎಲ್ಲ ಹುದ್ದೆಗೂ ಸಮಾನ ಅರ್ಹತೆ. ಇನ್ನು ನೋಡುವುದು, ಕೇಳುವುದು. ಜನ ಸಿಟ್ಟು ಬಂದಾಗ ಸರಕಾರ ಕುರುಡು, ಸರಕಾರ ಕಿವುಡು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕಣ್ಣಿಲ್ಲದವರು ದಾರಿಯಲ್ಲಿರುವ ಮನುಷ್ಯನನ್ನು ಕೋಲಿನಿಂದ ತಡವಿ, ಇದ್ದಾನೆ ಎಂದು ತಿಳಿದು ಸುತ್ತಿ ಹೋಗುತ್ತಾರೆ. ಸರಕಾರದ ದೃಷ್ಟಿ ಸ್ವಚ್ಛವಾಗಿದೆ, ನೋಡಿಯೇ ಹಾದುಹೋಗುತ್ತದೆ.

ಪಟ್ಟಿಯ ನಿಜವಾದ ತಮಾಷೆ ಅದರ ಹೊರಗಿದೆ. ಗುಮಾಸ್ತನ ಹುದ್ದೆಗೆ ಕೂರುವುದು, ಓದುಬರಹ, ಬೆರಳಾಡಿಸುವುದು ಇದ್ದರೆ ಸಾಕು. ಸರಿ, ಆ ಕುರ್ಚಿ ಎಲ್ಲಿದೆ? ಎರಡನೇ ಮಹಡಿಯಲ್ಲಿದೆ. ಹೀಗೆ ಒಂದು ಕಚೇರಿಗೆ ನಾನೇ ಹೋಗಿದ್ದೆ, ಹೆಸರು ಬೇಡ. ಕೆಳಗೆ ಲಿಫ್ಟಿನ ಮೇಲೆ "ಸಿಬ್ಬಂದಿಗೆ ಮಾತ್ರ" ಎಂಬ ಬೋರ್ಡಿತ್ತು. ಸಿಬ್ಬಂದಿಯಾಗಲು ಅರ್ಜಿ ಕೊಡುವವನು ಮೆಟ್ಟಿಲು ಹತ್ತಬೇಕು, ಮೆಟ್ಟಿಲು ಹತ್ತಿದವನಿಗೆ ಲಿಫ್ಟು ಯಾಕೆ? ಹೊರಗೊಂದು ರ‍್ಯಾಂಪು ಕೂಡ ಇತ್ತು. ನಿಯಮದ ಪ್ರಕಾರ ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಮೂರಡಿ ಜಗಲಿಗೆ ಮೂವತ್ತಾರು ಅಡಿ. ಇವರು ಆರಡಿಯಲ್ಲಿ ಮುಗಿಸಿದ್ದರು. ಬಸವನಗುಡಿಯ ಹಳೇ ಮನೆಗಳಲ್ಲಿ ಸ್ಕೂಟರ್ ಹತ್ತಿಸಲು ಹಲಗೆ ಇಡುತ್ತಾರಲ್ಲ, ಆ ಲೆಕ್ಕ. ಗಾಲಿಕುರ್ಚಿಯಲ್ಲಿ ಅದನ್ನು ಹತ್ತಿದವನನ್ನು ಗುಮಾಸ್ತನ ಹುದ್ದೆಗಲ್ಲ, ಸರ್ಕಸ್ಸಿಗೆ ತೆಗೆದುಕೊಳ್ಳಬೇಕು. ಹೇಗೂ ಹತ್ತುವ ಪ್ರಮೇಯ ಬರಲಿಲ್ಲ, ರ‍್ಯಾಂಪಿನ ತುದಿಯ ಗೇಟಿಗೆ ಬೀಗ ಇತ್ತು. ಕೀ ಎರಡನೇ ಮಹಡಿಯಲ್ಲಿತ್ತು.

ಕಾಯ್ದೆಯ ಕೆಳಗೆ ಮಾಡಿದ ಇಂಥ ನಿಯಮಗಳು ಬರೀ ಸಲಹೆಯಾದರೆ ಸಾಲದು, ಮೂರು ತಿಂಗಳಲ್ಲಿ ಕಡ್ಡಾಯದ ನಿಯಮ ಮಾಡಿ ಎಂದು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಹೇಳಬೇಕಾಯಿತು. ಏಳು ವರ್ಷ ನಾವು ಸಲಹೆಯ ಮೇಲೆ ಗಾಲಿ ಉರುಳಿಸುತ್ತಿದ್ದೆವು. ನಮ್ಮ ಮೆಟ್ರೋ ಸ್ಟೇಷನ್ನಿನಲ್ಲಿ ಲಿಫ್ಟಿದೆ, ಕೋಲಿಗೆ ತಿಳಿಯುವ ಉಬ್ಬುಗೆರೆಯ ಹಾಸಿದೆ, ಒಪ್ಪಿಕೊಳ್ಳಬೇಕು. ನ್ಯಾಷನಲ್ ಕಾಲೇಜಿನ ಹತ್ತಿರ ಇಳಿದು ಹೊರಬಂದ ಮೇಲೆ ಫುಟ್‌ಪಾತು ನಿಮ್ಮನ್ನು ಮತ್ತೆ ಕರ್ನಾಟಕಕ್ಕೆ ಒಪ್ಪಿಸುತ್ತದೆ.

ಸರಕಾರ ತಡಮಾಡದೆ ಮಾಡುವ ಒಂದು ಕೆಲಸವೆಂದರೆ ನಮಗೆ ಹೆಸರಿಡುವುದು. ಅಂಗಹೀನರಾಗಿದ್ದೆವು, ಅಂಗವಿಕಲರಾದೆವು, ವಿಕಲಚೇತನರಾದೆವು, ಭಾಷಣಗಳಲ್ಲಿ ವಿಶೇಷಚೇತನರು. 2015ರ ಡಿಸೆಂಬರಿನಲ್ಲಿ ಪ್ರಧಾನಿ ರೇಡಿಯೋದಲ್ಲಿ ದಿವ್ಯಾಂಗ ಎಂದರು. ಪ್ರತಿ ಹೆಸರಿಗೂ ಹೊಸ ಬೋರ್ಡು, ಹೊಸ ಸೀಲು, ಹೊಸ ಲೆಟರ್‌ಹೆಡ್ಡು. ಬೋರ್ಡು ಬರೆಯುವವರಿಗೆ ನಮ್ಮಿಂದ ಉದ್ಯೋಗ ಸಿಕ್ಕಿದೆ. ನನ್ನ ಕಾಲು ವಿಕಲ, ಸರಿ. ಚೇತನ ಯಾವಾಗ ವಿಕಲವಾಯಿತು ಎಂದು ನನಗೆ ಯಾರೂ ತಿಳಿಸಿರಲಿಲ್ಲ, ಇಲಾಖೆಯ ಬೋರ್ಡು ನೋಡಿಯೇ ಗೊತ್ತಾದದ್ದು. ದಿವ್ಯಾಂಗದಲ್ಲಿ ಇನ್ನೂ ದೊಡ್ಡ ಅನುಕೂಲವಿದೆ. ದೇವರಿಗೆ ಯಾರೂ ಸಂಬಳ ಕೊಡುವುದಿಲ್ಲ, ಮುಂದೆ ಹುಂಡಿ ಇಡುತ್ತಾರೆ.

ಸಂಬಳ ಎಂದರೆ ನೆನಪಾಯಿತು. ರಾಜ್ಯದಲ್ಲಿ ನಮ್ಮವರನ್ನೇ ನೇಮಿಸಿದ ಒಂದು ಯೋಜನೆ ಇದೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಜನ ಕರೆಯುವುದು ವಿಆರ್‌ಡಬ್ಲ್ಯೂ. ಹಳ್ಳಿಯ ಅಂಗವಿಕಲರಿಗೆ ಪಿಂಚಣಿ, ಗುರುತಿನ ಚೀಟಿ, ಸವಲತ್ತು ಕೊಡಿಸಲು ಓಡಾಡುವುದು ಅವರ ಕೆಲಸ. ಅದಕ್ಕೆ ಕೊಡುವುದು ಸಂಬಳವಲ್ಲ, ಗೌರವಧನ. ಗೌರವ ಜಾಸ್ತಿ ಇರುವುದರಿಂದ ಧನ ಕಮ್ಮಿ. ಕಾಯಂ ಮಾಡಿ ಎಂದು ಕೇಳಲು ಅವರು ಫ್ರೀಡಂ ಪಾರ್ಕಿಗೆ ಬರುತ್ತಾರೆ, ಊರುಗೋಲು ಪಕ್ಕಕ್ಕಿಟ್ಟು ಟಾರ್ಪಾಲಿನ ಮೇಲೆ ಕೂರುತ್ತಾರೆ. ಎಲ್ಲರಿಗೂ ಹಕ್ಕು ಕೊಡಿಸುವವರು ತಮ್ಮ ಹಕ್ಕು ಕೇಳಲು ರಜೆ ಹಾಕಿ ಬರಬೇಕು. ಆ ದಿನದ ಗೌರವ ಕಟ್.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಅಕ್ಕನ ಮಗಳು ಬಿ.ಕಾಂ. ಮುಗಿಸಿ ಕೆಲಸ ಹುಡುಕಲು ಹೊರಟಳು. ಅವಳಿಗೆ ಕಣ್ಣು ಅಲ್ಪಸ್ವಲ್ಪ. ಕಂಪ್ಯೂಟರು ಓದಿ ಹೇಳುತ್ತದೆ, ಇವಳು ಕಿವಿಯಲ್ಲಿ ಓದುತ್ತಾಳೆ, ನಾವು ಕಣ್ಣಲ್ಲಿ ಓದುವುದಕ್ಕಿಂತ ವೇಗ. ಮೊದಲು ಒಂದು ಸರಕಾರಿ ಅಧಿಸೂಚನೆ ತೆಗೆದಳು. ಅದು ಯುನಿಕೋಡ್ ಅಲ್ಲ, ಹಳೇ ನುಡಿ ಫಾಂಟಿನಲ್ಲಿತ್ತು. ನಮ್ಮ ಕಣ್ಣಿಗೆ "ಕನ್ನಡ" ಎಂದು ಕಾಣುವುದನ್ನು ಯಂತ್ರ, "ಪಿ, ಎ, ಪೌಂಡ್, ಎ, ಕ್ಯೂ" ಎಂದು ಓದಿತು. "ಮಾಮ, ಇದು ಯಾವ ದೇಶದ ಅಧಿಸೂಚನೆ?" ಎಂದಳು. ಪೌಂಡ್ ಇದೆಯಲ್ಲ, ಇಂಗ್ಲೆಂಡಿನದಿರಬೇಕು ಎಂದೆ. ಸರಕಾರಿ ಕೆಲಸಕ್ಕೆ ಯುನಿಕೋಡೇ ಬಳಸಬೇಕೆಂದು ರಾಜ್ಯ ಸರಕಾರ 2012ರಲ್ಲೇ ಹೇಳಿದೆ. ಆ ಮಾತು ಯಾವ ಫಾಂಟಿನಲ್ಲಿತ್ತೋ.

ಆಮೇಲೆ ಖಾಸಗಿ ಕಂಪನಿ. ವೆಬ್‌ಸೈಟಿನಲ್ಲಿ ಸಮಾನ ಅವಕಾಶ ನೀತಿ ಇತ್ತು, ಕಾಯ್ದೆ ಹಾಕಲೇಬೇಕೆಂದು ಹೇಳಿದೆ, ಹಾಕಿದ್ದರು. ಅದನ್ನು ದಾಟಿ ಅರ್ಜಿ ತೆರೆಯುವಾಗ, ನೀವು ಮನುಷ್ಯರೆಂದು ಸಾಬೀತುಮಾಡಿ, ಟ್ರಾಫಿಕ್ ದೀಪ ಇರುವ ಚೌಕಗಳನ್ನು ಆರಿಸಿ ಎಂದು ಕೇಳಿತು. ನಾನು ಪಕ್ಕದಲ್ಲಿ ಕೂತು ಅವಳ ಪರವಾಗಿ ಮನುಷ್ಯನಾದೆ. ಸಂದರ್ಶನದಲ್ಲಿ ಲೆಕ್ಕದ ಪ್ರಶ್ನೆಗೆಲ್ಲ ಉತ್ತರ ಕೊಟ್ಟಳು. ಕೊನೆಗೆ ಸಾಹೇಬರು, "ನಿಮಗೆ ಸ್ಪೆಷಲ್ ಸಾಫ್ಟ್‌ವೇರ್ ಬೇಕಲ್ವಾ, ನಮ್ಮಲ್ಲಿ ಬಜೆಟ್ ಇಲ್ಲ" ಎಂದರು.

"ಎನ್‌ವಿಡಿಎ ಸಾರ್, ಪುಕ್ಕಟೆ."

"ಪುಕ್ಕಟೆ ಅಂದ್ರೆ ಸೆಕ್ಯುರಿಟಿ ಪ್ರಾಬ್ಲಂ ಆಗುತ್ತಮ್ಮ" ಎಂದು ಸ್ವಲ್ಪ ಹೊತ್ತು ಯೋಚಿಸಿ, "ಆದ್ರೆ ನಿಮ್ಮನ್ನ ನೋಡಿ ನಮಗೆ ತುಂಬಾ ಸ್ಫೂರ್ತಿ ಸಿಕ್ತು" ಎಂದರಂತೆ.

ಮೂರು ವಾರದ ಮೇಲೆ ಅದೇ ಕಂಪನಿಯಿಂದ ಫೋನು. ಮನೆಯಲ್ಲಿ ಅಕ್ಕ ಸಜ್ಜಿಗೆಗೆ ರವೆ ಹುರಿಯಲು ಇಟ್ಟೇಬಿಟ್ಟಳು. ಕೆಲಸಕ್ಕಲ್ಲ, ಡಿಸೆಂಬರ್ 3ಕ್ಕೆ ವಿಶ್ವ ಅಂಗವಿಕಲರ ದಿನಾಚರಣೆ, ಬಂದು ಸಿಬ್ಬಂದಿಗೆ ಸ್ಫೂರ್ತಿಯ ಮಾತು ಆಡಬೇಕಂತೆ. ರವೆ ಉಪ್ಪಿಟ್ಟಾಯಿತು. ಹೋದಳು, ಮಾತಾಡಿದಳು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಮೈಸೂರು ಪೇಟ, ಶಾಲು, ಒಂದು ಫಲಕ, ಮೇಲೊಂದು ಪುಟ್ಟ ಪೆಟ್ಟಿಗೆ. ಮನೆಗೆ ಬಂದು ಪೆಟ್ಟಿಗೆ ಬಿಚ್ಚಿ ಬೆರಳಾಡಿಸಿದಳು, ಮೂಸಿದಳು. "ಮಾಮ, ಮೇಣದಬತ್ತಿ. ಮಲ್ಲಿಗೆ ವಾಸನೆ" ಎಂದಳು. ನಾನು ಚೀಟಿ ಓದಿದೆ. ವಿಶೇಷಚೇತನರು ತಯಾರಿಸಿದ್ದು.

ಮೊನ್ನೆ ಅವಳ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ನಕಲು ತೆಗೆಸಲು ಬೂತಣ್ಣನ ಅಂಗಡಿಗೆ ಹೋಗಿದ್ದೆ. ಮಧ್ಯಾಹ್ನ, ಬಿಸಿಲು, ಗಿರಾಕಿಗಳಿಲ್ಲ. ರಾಯರು ಸ್ಟೂಲಿನ ಮೇಲೆ ಕೂತು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಯಾವುದೋ ತರಬೇತಿ ಕೇಂದ್ರದವರು ನೂರು ಪ್ರತಿ ಮಾಡಲು ಕೊಟ್ಟುಹೋದ ಕರಪತ್ರ ಯಂತ್ರದಿಂದ ಒಂದೊಂದಾಗಿ ಬೀಳುತ್ತಿತ್ತು. ರಾಯರು ಕನ್ನಡಕ ಏರಿಸಿಕೊಂಡರು.

"ಏನಪ್ಪಾ ಈ ವರ್ಷದ್ದು? ಮತ್ತೆ ಡೇಟಾ ಎಂಟ್ರಿನಾ?"

ಬೂತಣ್ಣ ಬಿಸಿಬಿಸಿ ಹಾಳೆಯೊಂದನ್ನು ಎತ್ತಿ ಓದಿದ. "ಇಲ್ಲ ರಾಯರೇ. ಈ ಸಲ ದೊಡ್ಡದೇ ಕೊಟ್ಟಿದಾರೆ. ವಿಕಲಚೇತನರಿಗೆ ಉಚಿತ ಸಾಫ್ಟ್‌ವೇರ್ ಕೋಡಿಂಗ್ ತರಬೇತಿ. ಊಟ, ವಸತಿ, ಸರ್ಟಿಫಿಕೇಟು."

ರಾಯರು ಗಾಳಿ ಹಾಕಿಕೊಳ್ಳುವುದನ್ನು ನಿಲ್ಲಿಸಿದರು. ಹಾಳೆಯನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದರು. ಷೇರಿನ ಮಾತೇ ಎತ್ತಲಿಲ್ಲ. ಜೇಬಿನಿಂದ ಮೊಬೈಲು ತೆಗೆದು, ಬೀದಿಗಿಳಿದು, ಕ್ಯಾಲಿಫೋರ್ನಿಯಾದಲ್ಲಿರುವ ಮಗನಿಗೆ ಫೋನು ಹಚ್ಚಿದರು. ಇಲ್ಲಿ ಮೂರು ಗಂಟೆ, ಅಲ್ಲಿ ನಡುರಾತ್ರಿ ಎರಡೂವರೆ. ಬೂತಣ್ಣ ಗೋಡೆಯ ಗಡಿಯಾರ ನೋಡಿ, ಹಳೇ ಅಭ್ಯಾಸ, "ಕಾಲುದರದ ಟೈಮು" ಎಂದ.